ಎಬಿಎಸ್, ಸ್ಟೇರಿಂಗ್, ಸ್ಕ್ರೀನ್, ಲಾಕ್, ಕ್ಯಾಮೆರಾ, ಬ್ಯಾಟರಿ ಎಲ್ಲಾ ಕೈಕೊಟ್ಟಿವೆ. ಎಲ್ಲಿಂದ ಶುರು ಮಾಡಲಿ?

ಮೋಟರ್ ವೈಂಡರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಹದಡಿ ರಸ್ತೆಯ ಒಂದು ಅಡ್ಡರಸ್ತೆಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟರ್ ಸುತ್ತುವುದು, ಪ್ಯಾನೆಲ್ ಬೋರ್ಡ್ ರಿಪೇರಿ, ಇಷ್ಟೇ ಕೆಲಸ. ಹತ್ತೊಂಬತ್ತು ವರ್ಷ ಆಯಿತು. ತ್ರೀ ಫೇಸ್ ಅಂದರೆ ಭಯ ಇಲ್ಲ. ಆದರೆ ನನ್ನ ಕಾರಿನ ಹನ್ನೆರಡು ವೋಲ್ಟ್ ನನ್ನನ್ನು ಮಂಗ ಮಾಡಿದೆ.

ಕಾರು 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಬಿಎಸ್4, ಓಡಿದ್ದು 71 ಸಾವಿರ ಕಿಲೋಮೀಟರ್. ಕಂಪನಿ ಹೆಸರು ಹಾಕುವುದಿಲ್ಲ. ಹಾಕಿದರೆ ಅರ್ಧ ಜನ "ಆ ಕಂಪನಿ ಗಾಡಿ ಯಾಕೆ ತಗೊಂಡ್ರಿ" ಅಂತ ಶುರು ಮಾಡ್ತೀರಿ, ಕಾಯಿಲೆ ಅಲ್ಲೇ ಉಳಿಯುತ್ತದೆ.

ಶುರುವಾಗಿದ್ದು ಮೇ ಕೊನೆಯಲ್ಲಿ. ನಮ್ಮ ಮನೆ ಮಂಡಕ್ಕಿ ಭಟ್ಟಿ ಕಡೆ. ಗಲ್ಲಿ ಇಕ್ಕಟ್ಟು, ಗಾಡಿ ಹೊರಗೆ ತರಬೇಕಾದರೆ ಮೂರು ಸಲ ಹಿಂದೆ ಮುಂದೆ ಮಾಡಿ ತಿರುಗಿಸಬೇಕು. ಒಂದು ಬೆಳಿಗ್ಗೆ ಹಾಗೆ ತಿರುಗಿಸುತ್ತಿದ್ದೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದ ಹಾಗೆ ತಡೆಯುವ ವ್ಯವಸ್ಥೆ) ದೀಪ, ಸ್ಟೇರಿಂಗ್ ದೀಪ, ಎಂಜಿನ್ ದೀಪ ಮೂರೂ ಒಂದೇ ಸಲ ಹತ್ತಿದವು. ಸ್ಟೇರಿಂಗ್ ಕಲ್ಲಾಯಿತು. ಅದೇ ಹೊತ್ತಿಗೆ ಸ್ಕ್ರೀನ್ ಕಪ್ಪಾಗಿ ಮತ್ತೆ ಮೊದಲಿಂದ ಆನ್ ಆಯಿತು. ಬಾಗಿಲ ಲಾಕ್‌ಗಳು ಟಕ್ ಟಕ್ ಅಂದವು. ಕೀ ಆಫ್ ಮಾಡಿ ಆನ್ ಮಾಡಿದೆ, ಏನೂ ಆಗೇ ಇಲ್ಲ ಅನ್ನುವ ಹಾಗೆ ಎಲ್ಲಾ ಸರಿ.

ಆಮೇಲೆ ವಾರಕ್ಕೆರಡು ಸಲ ಇದೇ ಕಥೆ. ಒಮ್ಮೆ ಭರಮಸಾಗರದ ಕಡೆ ಮೋಟರ್ ಎತ್ತಿಸಲು ಹೋಗುತ್ತಿದ್ದೆ. ಜಿಟಿಜಿಟಿ ಮಳೆ, ಹೆಡ್‌ಲೈಟ್ ಹಾಕಿದ್ದೆ, ಬ್ಲೋವರ್ ಫುಲ್. ಆನಗೋಡು ದಾಟಿದ ಮೇಲೆ ಸರ್ವಿಸ್ ರಸ್ತೆಯ ಗುಂಡಿಗೆ ಇಳಿಯಿತು. ಸ್ಪೀಡೋಮೀಟರ್ ಮುಳ್ಳು 40ರಿಂದ ಸೊನ್ನೆಗೆ ಬಿತ್ತು. ಗಾಡಿ ಓಡುತ್ತಿದೆ, ಮುಳ್ಳು ಮಲಗಿದೆ. ಎರಡು ನಿಮಿಷಕ್ಕೆ ತಾನಾಗೇ ಎದ್ದಿತು.

ಬ್ಯಾಟರಿ ಹಳೆಯದು ಅಂತ ಹೊಸದು ಹಾಕಿಸಿದೆ, 35 ಎಎಚ್ (ಆಂಪಿಯರ್-ಅವರ್). ಎರಡು ವಾರ ಚೆನ್ನಾಗಿತ್ತು. ಗೆದ್ದೆ ಅಂದುಕೊಂಡೆ. ಮತ್ತೆ ಶುರು. ಈಗ ಜೊತೆಗೆ ಇನ್ನೊಂದು: ಮೂರು ದಿನ ನಿಲ್ಲಿಸಿದರೆ ಸೆಲ್ಫ್ ಎತ್ತುವುದಿಲ್ಲ. ಹೊಸ ಬ್ಯಾಟರಿ!

ಹಿಂದುಗಡೆ ಬೇರೆ ಆಟ. ರಿವರ್ಸ್ ಕ್ಯಾಮೆರಾ ಡಿಕ್ಕಿ ಎತ್ತಿದಾಗ ಬರುತ್ತದೆ, ಮುಚ್ಚಿದರೆ ಹೋಗುತ್ತದೆ. ಡಿಕ್ಕಿ ಎತ್ತಿಕೊಂಡು ರಿವರ್ಸ್ ತೆಗೆಯೋಕೆ ಆಗುತ್ತಾ ಹೇಳಿ. ಹಿಂದಿನ ವೈಪರ್ ಒತ್ತಿದರೆ ವೈಪರ್ ಏಳುವುದಿಲ್ಲ, ಬದಲಿಗೆ ನಂಬರ್ ಪ್ಲೇಟ್ ದೀಪ ಮಂಕಾಗಿ ಉರಿಯುತ್ತದೆ. ಇದನ್ನು ಹೆಂಡತಿಗೆ ತೋರಿಸಿದೆ. "ನಿಮ್ಮ ಮೋಟರ್‌ಗಳ ಶಾಪ" ಅಂದಳು.

ಮೂರು ಕಡೆ ತೋರಿಸಿದ್ದೇನೆ. ಒಬ್ಬರು ಎಬಿಎಸ್ ಯೂನಿಟ್ ಹೋಗಿದೆ, 38 ಸಾವಿರ ಅಂದರು. ಇನ್ನೊಬ್ಬರು ಬಾಡಿ ಕಂಟ್ರೋಲ್ ಮಾಡ್ಯೂಲ್, ಅಂದರೆ ಲಾಕ್, ದೀಪ ಇವನ್ನೆಲ್ಲಾ ನಡೆಸುವ ಪುಟ್ಟ ಕಂಪ್ಯೂಟರ್ ಡಬ್ಬಿ, ಹೋಗಿದೆ ಅಂದರು. ಮೂರನೆಯವರು ಬಾನೆಟ್ ಎತ್ತಿದವರೇ "ಇಲಿ" ಅಂದರು. ಬಾನೆಟ್ ಒಳಗಿನ ಹತ್ತಿಯ ಹಾಸನ್ನು ಇಲಿ ಕಡಿದಿರುವುದು ನಿಜ. ಭಟ್ಟಿ ಪಕ್ಕದ ಇಲಿ ಅಂದರೆ ಇಲಿ ಅಲ್ಲ, ಹೆಗ್ಗಣ. ಪೂರಾ ವೈರಿಂಗ್ ಬದಲಿಸಿ ಅಂತಾರೆ.

ನಾನು ನೋಡಿದ್ದು ಇಷ್ಟು. ನಿಂತಾಗ ಬ್ಯಾಟರಿ 12.5 ವೋಲ್ಟ್. ಫ್ಯೂಸ್ ಎಲ್ಲಾ ಸರಿ. ಬಾಡಿಗೂ ಬ್ಯಾಟರಿ ನೆಗೆಟಿವ್‌ಗೂ ಮೀಟರ್ ಬೀಪ್ ಅನ್ನುತ್ತದೆ, ಅಂದರೆ ಅರ್ತ್ (ಬಾಡಿ ಮೂಲಕ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿ) ಚೆನ್ನಾಗಿದೆ. ಗಾಡಿ ಆಫ್ ಮಾಡಿ ಬ್ಯಾಟರಿ ಕೇಬಲ್‌ಗೆ ಟಾಂಗ್ ಟೆಸ್ಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿದೆ, 0.00 ತೋರಿಸಿತು, ಅಂದರೆ ಲೀಕೇಜ್ ಇಲ್ಲ. ಆರುನೂರು ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದರೆ ಮೂರು ಕೋಡ್ ಬಂದವು: ಯು0121, ಯು0131, ಪಿ0562.

ಭಾನುವಾರ ರಜೆ. ವೈರಿಂಗ್‌ಗೆ ಮೆಗ್ಗರ್ ಹಾಕಿ ಇನ್ಸುಲೇಶನ್ ನೋಡೋಣ ಅಂತಿದ್ದೇನೆ. ಅನುಭವ ಇರುವವರು ದಾರಿ ಹೇಳಿ.

ಬಾತಿ ಗುಡ್ಡ

ಅಣ್ಣಾ, ಭಟ್ಟಿ ಹತ್ತಿರ ಮನೆ ಅಂದಮೇಲೆ ಇಲಿನೇ. ನಮ್ಮ ಮಾವನ ಗಾಡಿಯಲ್ಲಿ ಇಂಜೆಕ್ಟರ್ ವೈರ್ ಕಡಿದು ಹಾಕಿತ್ತು. ಬಾನೆಟ್ ಒಳಗೆ ತಂಬಾಕು ಎಲೆ ಇಡಿ.

ದುರ್ಗದ ವೈರ್‌ಮನ್

ಮೊದಲು ಒಂದು ಮಾತು: ಮೆಗ್ಗರ್ ಮುಟ್ಟಬೇಡಿ. ದಯವಿಟ್ಟು. ಅದು 500 ವೋಲ್ಟ್ ಬಿಡುತ್ತದೆ. ನಿಮ್ಮ ಮೋಟರ್ ವೈಂಡಿಂಗ್ ಅದನ್ನು ತಡೆಯುತ್ತದೆ. ಕಾರಿನ ಮಾಡ್ಯೂಲ್ ಒಳಗಿರುವ ಚಿಪ್ ತಡೆಯುವುದಿಲ್ಲ. ಆಮೇಲೆ 38 ಸಾವಿರದ ಮಾತು ನಿಜ ಆಗಿಬಿಡುತ್ತದೆ.

ಎರಡನೆಯದು, ನಿಮ್ಮ ಟಾಂಗ್ ಟೆಸ್ಟರ್. ನೀವು ಮೋಟರ್‌ಗೆ ಬಳಸುವುದು ಎಸಿ ಅಳೆಯುವಂಥದ್ದು ಅಲ್ವಾ? ಅದಕ್ಕೆ ಡಿಸಿ ಕಾಣುವುದೇ ಇಲ್ಲ. ಬ್ಯಾಟರಿ ಕೇಬಲ್‌ನಲ್ಲಿ 100 ಆಂಪ್ ಹರಿದರೂ ಸೊನ್ನೆ ತೋರಿಸುತ್ತದೆ. ಹಾಗಾಗಿ ಲೀಕೇಜ್ ಇಲ್ಲ ಅನ್ನೋದನ್ನ ಸದ್ಯಕ್ಕೆ ಮರೆತುಬಿಡಿ.

ಈಗ ಕಾಯಿಲೆಗೆ ಬರೋಣ. ದುರ್ಗದಲ್ಲಿ ತುರುವನೂರು ರಸ್ತೆ ಕಡೆ ನನ್ನದು ಸಣ್ಣ ವೈರಿಂಗ್ ಅಂಗಡಿ. ಇಂಥ ಗಾಡಿ ಬಂದರೆ ನಾನು ಮೊದಲು ಮಾಡುವ ಕೆಲಸ ಬಾನೆಟ್ ಎತ್ತುವುದಲ್ಲ. ಓನರ್ ಕೂರಿಸಿ, ಟೀ ತರಿಸಿ, ಯಾವುದು ಯಾವುದರ ಜೊತೆ ಬರುತ್ತದೆ ಅಂತ ಕೇಳುತ್ತೇನೆ. ಹೊಲದಲ್ಲಿ ಈರುಳ್ಳಿ ಗುಡ್ಡೆ ಹಾಕಿದ ಹಾಗೆ ದೂರುಗಳನ್ನು ಗುಡ್ಡೆ ಹಾಕಬೇಕು. ನೀವು ಬರೆದದ್ದರಲ್ಲಿ ನನಗೆ ಮೂರು ಗುಡ್ಡೆ ಕಾಣುತ್ತವೆ. ಎಬಿಎಸ್, ಸ್ಟೇರಿಂಗ್, ಸ್ಕ್ರೀನ್, ಲಾಕ್, ಸ್ಪೀಡೋಮೀಟರ್ ಇವೆಲ್ಲಾ ಒಟ್ಟಿಗೆ ಬಂದು ಒಟ್ಟಿಗೆ ಹೋಗುತ್ತವೆ. ಅದು ಒಂದು. ಕ್ಯಾಮೆರಾ, ವೈಪರ್, ನಂಬರ್ ಪ್ಲೇಟ್ ದೀಪ ಮೂರೂ ಡಿಕ್ಕಿಯ ಬಾಗಿಲ ಮೇಲಿರುವ ಸಾಮಾನು. ಅದು ಇನ್ನೊಂದು. ಮೂರು ದಿನಕ್ಕೆ ಬ್ಯಾಟರಿ ಮಲಗುವುದು ಮೂರನೆಯದು. ಎಲ್ಲದಕ್ಕೂ ಒಂದೇ ಕಾರಣ ಹುಡುಕಲು ಹೋಗಬೇಡಿ. ಹಾಗಂತ ಒಂದೊಂದು ದೂರಿಗೂ ಒಂದೊಂದು ಕಾರಣವೂ ಇರುವುದಿಲ್ಲ.

ಮೊದಲ ಗುಡ್ಡೆ ನೋಡೋಣ. ನೀವೇ ಒಂದು ಸುಳಿವು ಕೊಟ್ಟಿದ್ದೀರಿ, ನಿಮಗೆ ಗೊತ್ತಾಗಿಲ್ಲ. ಗಲ್ಲಿಯಲ್ಲಿ ತಿರುಗಿಸುವಾಗ ಬರುತ್ತದೆ ಅಂದಿರಿ. ಈಗಿನ ಗಾಡಿಯಲ್ಲಿ ಸ್ಟೇರಿಂಗ್‌ಗೆ ಮೋಟರ್ ಇದೆ. ನಿಂತಲ್ಲೇ ಪೂರ್ತಿ ತಿರುಗಿಸಿದರೆ ಆ ಮೋಟರ್ 50-60 ಆಂಪ್ ಎಳೆಯಬಹುದು. ಓಡುವ ಗಾಡಿಯಲ್ಲಿ ಅಷ್ಟು ಭಾರದ ಸಾಮಾನು ಬೇರೆ ಇಲ್ಲ. ಆನಗೋಡಿನಲ್ಲಿ ಹೆಡ್‌ಲೈಟ್, ಬ್ಲೋವರ್, ಜೊತೆಗೆ ಗುಂಡಿಯ ಕುಲುಕಾಟ. ಎರಡೂ ಕಡೆ ಲೋಡ್ ಜಾಸ್ತಿ. ಲೋಡ್ ಬಂದಾಗ ಮಾತ್ರ ಕಾಣುವ ಕಾಯಿಲೆ ಅಂದರೆ ನನಗೆ ಮೊದಲ ಅನುಮಾನ ಅರ್ತ್ ಮೇಲೆ.

ಬೀಪ್ ಬಂತು ಅಂದಿರಿ. ಬೀಪ್ ನಂಬಬೇಡಿ. ನೂರು ಎಳೆಯ ಕೇಬಲ್‌ನಲ್ಲಿ ತೊಂಬತ್ತೆಂಟು ಎಳೆ ಕಿತ್ತುಹೋಗಿ ಎರಡೇ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ನಿಮ್ಮ ಕಸುಬಿನ ಮಾತಲ್ಲೇ ಹೇಳುವುದಾದರೆ, ಟಿಸಿಯಲ್ಲಿ (ಊರಿನ ಟ್ರಾನ್ಸ್‌ಫಾರ್ಮರ್‌ನಲ್ಲಿ) ನ್ಯೂಟ್ರಲ್ ಲೂಸ್ ಆದಾಗ ಊರಲ್ಲಿ ಏನಾಗುತ್ತದೆ? ಒಂದು ಮನೆಯಲ್ಲಿ ಬಲ್ಬ್ ಮಂಕು, ಪಕ್ಕದ ಮನೆಯಲ್ಲಿ ಟಿವಿ ಸುಟ್ಟಿತು, ಇನ್ನೊಂದು ಕಡೆ ಫ್ರಿಜ್ ಗುಂಯ್ ಅಂತು. ಹತ್ತು ಮನೆಯಿಂದ ಫೋನ್ ಬರುತ್ತದೆ. ಹತ್ತೂ ಮನೆಯ ವೈರಿಂಗ್ ಬದಲಿಸುತ್ತೀರಾ? ಕಂಬ ಹತ್ತುತ್ತೀರಿ. ಕಾರಿನಲ್ಲಿ ಬಾಡಿನೇ ನ್ಯೂಟ್ರಲ್.

ಅಳೆಯುವುದು ಹೀಗೆ. ಮೀಟರ್ ಡಿಸಿ ವೋಲ್ಟ್‌ನಲ್ಲಿ ಇಡಿ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಸೀಸದ ಗೂಟದ ಮೇಲೆ. ಕ್ಲಾಂಪ್ ಮೇಲೆ ಅಲ್ಲ, ಗೂಟದ ಮೇಲೇ. ಕೆಂಪು ಕಡ್ಡಿ ಬಾಡಿಯ ಬಣ್ಣವಿಲ್ಲದ ಒಂದು ಬೋಲ್ಟ್ ಮೇಲೆ. ಎಂಜಿನ್ ಆನ್, ಹೆಡ್‌ಲೈಟ್ ಹೈ, ಬ್ಲೋವರ್ ಫುಲ್. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಒಬ್ಬರನ್ನು ಕೂರಿಸಿ ಸ್ಟೇರಿಂಗ್ ತಿರುಗಿಸಲು ಹೇಳಿ. ಅರ್ತ್ ಚೆನ್ನಾಗಿದ್ದರೆ 0.1, ಹೆಚ್ಚೆಂದರೆ 0.2 ವೋಲ್ಟ್. ಅದಕ್ಕಿಂತ ಜಾಸ್ತಿ ಬಂದರೆ ಆ ದಾರಿಯಲ್ಲಿ ಎಲ್ಲೋ ಕಸ ಇದೆ. ಮೀಟರ್‌ನಲ್ಲಿ ಮಿನ್-ಮ್ಯಾಕ್ಸ್ ಬಟನ್ ಇದ್ದರೆ ಒತ್ತಿಟ್ಟುಕೊಳ್ಳಿ, ಕ್ಷಣದಲ್ಲಿ ಹಾರಿ ಹೋಗುವುದು ಕಣ್ಣಿಗೆ ಸಿಗುವುದಿಲ್ಲ. ಇದೇ ರೀತಿ ಗೇರ್‌ಬಾಕ್ಸ್‌ಗೂ ನೋಡಿ.

ಡಿಕ್ಕಿ ಬಾಗಿಲಿಗೆ ಮೇಲಿನ ಕೀಲಿನ ಹತ್ತಿರ ಒಂದು ಸುಕ್ಕು ಸುಕ್ಕಿನ ರಬ್ಬರ್ ಕೊಳವೆ ಇರುತ್ತದೆ. ಅದನ್ನು ಬಿಚ್ಚಿ ಒಳಗೆ ನೋಡಿ. ಬಾಗಿಲು ಎತ್ತಿ ಇಳಿಸಿ ವೈರ್ ಅಲ್ಲಿ ಮುರಿಯುತ್ತದೆ. ವೈಪರ್ ಒತ್ತಿದರೆ ನಂಬರ್ ಪ್ಲೇಟ್ ದೀಪ ಉರಿಯುವುದು ಕೂಡ ನ್ಯೂಟ್ರಲ್ ಕಟ್ ಕಥೆಯೇ. ವೈಪರ್‌ಗೆ ಹೋದ ಕರೆಂಟ್‌ಗೆ ವಾಪಸ್ ದಾರಿ ಇಲ್ಲ, ದೀಪದ ಮೂಲಕ ನುಸುಳಿ ಹೋಗುತ್ತಿದೆ. ಶಾಪ ಅಲ್ಲ ಅಂತ ಮನೆಯವರಿಗೆ ಹೇಳಿ.

ಬ್ಯಾಟರಿ ಮಲಗುವುದನ್ನು ಕೊನೆಗೆ ನೋಡೋಣ. ಮೊದಲೆರಡು ಆಗದೆ ಅದನ್ನು ಹಿಡಿದರೆ ಗೊಂದಲ. ಹೊರಗಿನಿಂದ ಏನಾದರೂ ಕೂಡಿಸಿದ್ದೀರಾ? ಹಾರ್ನ್, ಫಾಗ್ ಲೈಟ್, ಡ್ಯಾಶ್‌ಕ್ಯಾಮ್?

ಒಂದು ಎಚ್ಚರ: ಹಳದಿ ಬಣ್ಣದ ಕನೆಕ್ಟರ್ ಏರ್‌ಬ್ಯಾಗಿನದು. ಅದಕ್ಕೆ ಮೀಟರ್ ಹಚ್ಚಬೇಡಿ, ಬಿಚ್ಚಲೂ ಬೇಡಿ.

ಯುಬಿಡಿಟಿ ಹಳೇ ಹುಡುಗ

ವೈರ್‌ಮನ್ ಸಾರ್ ಹೇಳಿದ್ದು ಸರಿ. ಆದರೆ ಯು ಕೋಡ್ ಬಂದಿದೆ ಅಂದರೆ ನೆಟ್‌ವರ್ಕ್ ವೈರ್ ಕೂಡ ಒಮ್ಮೆ ನೋಡಿಬಿಡಿ, ಐದು ನಿಮಿಷದ ಕೆಲಸ.

ಯು0121 ಅಂದರೆ ಎಬಿಎಸ್ ಮಾಡ್ಯೂಲ್ ಜೊತೆ ಮಾತು ನಿಂತಿತು. ಯು0131 ಅಂದರೆ ಪವರ್ ಸ್ಟೇರಿಂಗ್ ಮಾಡ್ಯೂಲ್ ಜೊತೆ ಮಾತು ನಿಂತಿತು. ಪಿ0562 ಅಂದರೆ ಸಿಸ್ಟಮ್ ವೋಲ್ಟೇಜ್ ಕಡಿಮೆ. ಮೊದಲೆರಡನ್ನು ನೋಡಿ "ಎಬಿಎಸ್ ಯೂನಿಟ್ ಹೋಗಿದೆ" ಅನ್ನುವುದು, ಹಾಜರಿ ಕೂಗಿದಾಗ ಉತ್ತರ ಬರಲಿಲ್ಲ ಅಂತ ಹುಡುಗ ಸತ್ತೇಹೋದ ಅಂದ ಹಾಗೆ. ಅವನು ಮಲಗಿರಬಹುದು, ಮೈಕ್ ಕೆಟ್ಟಿರಬಹುದು. ಮೂರನೇ ಕೋಡ್ ಅದನ್ನೇ ಹೇಳುತ್ತಿದೆ ಅನ್ನಿಸುತ್ತದೆ.

ಈ ಮಾಡ್ಯೂಲ್‌ಗಳೆಲ್ಲಾ ಮಾತಾಡುವುದು ಕ್ಯಾನ್ ಅನ್ನುವ ಎರಡು ಹೆಣೆದ ವೈರ್ ಮೇಲೆ. ಬಾಷ್‌ನವರು 1986ರಲ್ಲಿ ಹೊರಗೆ ತಂದಿದ್ದು. ಆ ಎರಡು ವೈರ್‌ನ ಎರಡು ತುದಿಗೂ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಐದು ನಿಮಿಷ ಬಿಟ್ಟು, ಸ್ಕ್ಯಾನರ್ ಚುಚ್ಚುವ ಸಾಕೆಟ್‌ನ 6 ಮತ್ತು 14ನೇ ಪಿನ್ ನಡುವೆ ಓಮ್ ಅಳೆಯಿರಿ. ಎರಡು 120 ಪ್ಯಾರಲಲ್, ಅಂದರೆ 60 ಹತ್ತಿರ ಬರಬೇಕು. 120 ಬಂದರೆ ಎಲ್ಲೋ ವೈರ್ ಕಟ್ ಆಗಿದೆ. ಸೊನ್ನೆ ಹತ್ತಿರ ಬಂದರೆ ಎರಡೂ ತಾಗಿವೆ. ಕೆಲವು ಗಾಡಿಯಲ್ಲಿ ನಡುವೆ ಗೇಟ್‌ವೇ (ನೆಟ್‌ವರ್ಕ್ ತುಂಡುಗಳನ್ನು ಕೂಡಿಸುವ ಡಬ್ಬಿ) ಇರುತ್ತದೆ, ಆಗ ಈ ಅಳತೆ ಸಾಕೆಟ್ ಕಡೆಯ ತುಂಡಿಗೆ ಮಾತ್ರ.

ಪಿನ್ ಒಳಗೆ ದಪ್ಪ ಕಡ್ಡಿ ತುರುಕಬೇಡಿ, ಸಾಕೆಟ್ ಅಗಲ ಆಗಿ ಹೊಸ ಕಾಯಿಲೆ ಹುಟ್ಟುತ್ತದೆ. ವೈರ್‌ಗೆ ಸೂಜಿ ಚುಚ್ಚಿ ನೋಡುವ ಅಭ್ಯಾಸವೂ ಬೇಡ. ಮಳೆಗಾಲದಲ್ಲಿ ಆ ತೂತಿನಿಂದಲೇ ನೀರು ಇಳಿಯುತ್ತದೆ.

ಹೊಳಲ್ಕೆರೆ ಅಡಿಕೆ

ನಾನು ಇದೇ ತರಹ ದೀಪ ನೋಡಿ ಮಾಡ್ಯೂಲ್ ಹಾಕಿಸಿದವನು. ನಲವತ್ತು ಸಾವಿರ ಚಿಲ್ಲರೆ. ಒಂದು ತಿಂಗಳಿಗೆ ಮತ್ತೆ ಹತ್ತಿದವು. ಕೊನೆಗೆ ನೋಡಿದರೆ ಡ್ರೈವರ್ ಕಾಲ ಹತ್ತಿರದ ಕನೆಕ್ಟರ್‌ಗೆ ನೀರು ಇಳಿದಿತ್ತು. ಹಳೆ ಮಾಡ್ಯೂಲ್ ಇನ್ನೂ ಮನೆಯಲ್ಲಿದೆ, ಬೀರು ಮೇಲೆ. ಬಿಸಾಕಲು ಮನಸ್ಸಿಲ್ಲ.

ಮೋಟರ್ ವೈಂಡರ್, ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಮೆಗ್ಗರ್ ಅಂಗಡಿಯಲ್ಲೇ ಬಿಟ್ಟು ಬಂದೆ. ಟಾಂಗ್ ಟೆಸ್ಟರ್ ವಿಷಯ ಓದಿ ನಾಚಿಕೆ ಆಯಿತು. ಅದರ ಮೈಮೇಲೆ ಎಸಿ ಅಂತ ದೊಡ್ಡದಾಗೇ ಬರೆದಿದೆ. ಹತ್ತೊಂಬತ್ತು ವರ್ಷದಿಂದ ಕೈಯಲ್ಲಿ ಹಿಡಿದಿದ್ದೇನೆ.

ಭಾನುವಾರ ಬೆಳಿಗ್ಗೆ ಕೂತೆ. ಮಗಳು ಪಿಯುಸಿ, ಅವಳನ್ನು ಸೀಟಲ್ಲಿ ಕೂರಿಸಿದೆ. "ಅರ್ಧ ಗಂಟೆ ಅಷ್ಟೇ" ಅಂದಿದ್ದೆ, ಮಧ್ಯಾಹ್ನ ಆಯಿತು. ಬೆಣ್ಣೆದೋಸೆ ಲಂಚ ಕೊಡಬೇಕಾಯಿತು.

ಮೊದಲು 6 ಮತ್ತು 14ನೇ ಪಿನ್: 61 ಓಮ್. ನೆಟ್‌ವರ್ಕ್ ವೈರ್ ಸರಿ ಇದೆ. ಬ್ಯಾಟರಿ ವಾಪಸ್ ಕೂಡಿಸಿ, ಸೆಲ್ಫ್ ಹೊಡೆಯುವಾಗ ಕನಿಷ್ಠ 10.3 ವೋಲ್ಟ್. ಐಡ್ಲಿಂಗ್‌ನಲ್ಲಿ ಬ್ಯಾಟರಿ ಮೇಲೆ 14.1. ಆಲ್ಟರ್ನೇಟರ್ ಮೇಲೂ ಅನುಮಾನ ಇಲ್ಲ.

ನೆಗೆಟಿವ್ ಗೂಟದಿಂದ ಗೇರ್‌ಬಾಕ್ಸ್‌ಗೆ 0.04. ಚೆನ್ನಾಗಿದೆ. ಅದೇ ಗೂಟದಿಂದ ಬಾಡಿಗೆ, ಎಂಜಿನ್ ಮಾತ್ರ ಆನ್, ಉಳಿದದ್ದೆಲ್ಲಾ ಆಫ್ ಇದ್ದಾಗಲೇ 0.22. ಹೆಡ್‌ಲೈಟ್, ಬ್ಲೋವರ್, ಹಿಂದಿನ ಗ್ಲಾಸ್ ಹೀಟರ್ ಹಾಕಿದೆ, 0.9. ಇಲ್ಲಿ ನನ್ನ ತಲೆಗೆ ಬಂತು. ಲೋಡ್ ಸುಮಾರು 30 ಆಂಪ್ ಅಂದುಕೊಳ್ಳಿ. 0.9 ಭಾಗಿಸು 30, ಬರೀ 0.03 ಓಮ್. ನನ್ನ ಮೀಟರ್‌ನ ಎರಡು ಕಡ್ಡಿ ಮುಟ್ಟಿಸಿದರೇ 0.3 ತೋರಿಸುತ್ತದೆ. ಬೀಪ್ ಬಾರದೆ ಇನ್ನೇನು.

ಮಗಳಿಗೆ ಸ್ಟೇರಿಂಗ್ ಪೂರ್ತಿ ತಿರುಗಿಸು ಅಂದೆ. ಅಂಕಿ ಕುಣಿಯಲು ಶುರು. 1.6, 0.8, 3 ಎಷ್ಟೋ. "ಅಪ್ಪಾ, ಎಲ್ಲಾ ಹತ್ತಿದವು!" ಅಂತ ಒಳಗಿಂದ ಕೂಗಿದಳು. ಮ್ಯಾಕ್ಸ್ ನೋಡಿದೆ: 4.7. ಬ್ಯಾಟರಿ ಮೇಲೆ 14.1 ಇದ್ದರೂ ಮಾಡ್ಯೂಲ್‌ಗಳಿಗೆ ಸಿಕ್ಕಿದ್ದು 9.4. ಮೂರು ಫೇಸ್ ಮೋಟರ್‌ಗೆ ಬರೀ 280 ವೋಲ್ಟ್ ಕೊಟ್ಟು ಯಾಕೆ ತಿರುಗುತ್ತಿಲ್ಲ ಅಂತ ಬೇರಿಂಗ್ ಬದಲಿಸಿದ ಹಾಗಿತ್ತು ನಾನು ಇಷ್ಟು ದಿನ ಮಾಡಿದ್ದು.

ಬ್ಯಾಟರಿ ಎತ್ತಿ, ಅದರ ಕೆಳಗಿನ ತಟ್ಟೆ ಬಿಚ್ಚಿದೆ. ನೆಗೆಟಿವ್‌ನಿಂದ ಎರಡು ಕೇಬಲ್ ಇವೆ, ಒಂದು ಗೇರ್‌ಬಾಕ್ಸ್‌ಗೆ, ಒಂದು ತಟ್ಟೆಯ ಕೆಳಗೆ ಬಾಡಿಗೆ. ಬಾಡಿ ಕಡೆಯ ಲಗ್ (ಕೇಬಲ್ ತುದಿಯ ಲೋಹದ ಬಳೆ) ನೋಡಿದರೆ ಬಿಳಿ ಹಸಿರು ಕಿಲುಬು, ನಮ್ಮ ಅಜ್ಜಿಯ ಹಳೆ ತಾಮ್ರದ ಹಂಡೆಯ ಹಾಗೆ. ಬೆರಳಲ್ಲಿ ಮುಟ್ಟಿದರೆ ಎಳೆಗಳು ಪುಡಿ ಪುಡಿ. ಹಳೆ ಬ್ಯಾಟರಿ ಆಸಿಡ್ ಒಸರಿ ಅಲ್ಲಿಗೇ ಇಳಿದಿದೆ. ಗಟ್ಟಿ ಇದ್ದ ಎಳೆ ಒಂಬತ್ತೋ ಹತ್ತೋ. ಹೊಸ ಬ್ಯಾಟರಿ ಹಾಕುವಾಗ ಕೇಬಲ್ ಅಲುಗಾಡಿ ಹೊಸ ಜಾಗದಲ್ಲಿ ತಾಗಿದೆ, ಅದಕ್ಕೇ ಎರಡು ವಾರ ಸರಿ ಇತ್ತು. ಬ್ಯಾಟರಿಯಿಂದ ವಾಸಿ ಆಯಿತು ಅಂತ ನಾನು ಊರೆಲ್ಲಾ ಹೇಳಿಕೊಂಡು ತಿರುಗಿದ್ದೆ.

ಕೇಬಲ್ ಮಾಡುವುದು ನಮ್ಮ ಮನೆ ಕೆಲಸ. 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, ಎರಡೂ ಕಡೆ ಲಗ್ ಕ್ರಿಂಪ್ ಮಾಡಿ ಮೇಲೆ ಸ್ಲೀವ್ ಹಾಕಿದೆ. ಬಾಡಿಯಲ್ಲಿ ತುಕ್ಕು ಕೆರೆದು ಹೊಳೆಯುವ ಹಾಗೆ ಮಾಡಿ, ಹಲ್ಲಿನ ವಾಷರ್ ಇಟ್ಟು ಬಿಗಿದೆ. ಮತ್ತೆ ಅದೇ ಲೋಡ್, ಅದೇ ಸ್ಟೇರಿಂಗ್: 0.06.

ಒಂದು ಪ್ರಶ್ನೆ. ಡಿಕ್ಕಿ ರಬ್ಬರ್ ಒಳಗೆ ನೋಡಿದೆ. ನೀವು ಹೇಳಿದ್ದೇ. ಏಳು ವೈರ್ ಇವೆ, ಕಪ್ಪು ವೈರ್ ಪೂರ್ತಿ ತುಂಡು, ಇನ್ನೊಂದರ ಸಿಪ್ಪೆ ಒಡೆದು ತಾಮ್ರ ಕಾಣುತ್ತಿದೆ. ಬಾಗಿಲು ಎತ್ತಿದಾಗ ತುಂಡುಗಳ ತುದಿ ತಾಗುತ್ತವೆ, ಮುಚ್ಚಿದಾಗ ದೂರ ಆಗುತ್ತವೆ. ಅದಕ್ಕೇ ಕ್ಯಾಮೆರಾದ ಆ ಆಟ. ಸೋಲ್ಡರ್ ಮಾಡಿ ಸ್ಲೀವ್ ಹಾಕಿಬಿಡಲಾ? ನಮ್ಮಲ್ಲಿ ಜಾಯಿಂಟ್ ಅಂದರೆ ಸೋಲ್ಡರ್.

ದುರ್ಗದ ವೈರ್‌ಮನ್

ಭೇಷ್. 4.7 ಅಂದರೆ ಗಾಡಿ ಇಷ್ಟು ದಿನ ಓಡಿದ್ದೇ ಪುಣ್ಯ. ನಮ್ಮ ಗುರುಗಳು ಹೇಳುತ್ತಿದ್ದರು, ಅರ್ತ್ ಇಲ್ಲದ ಗಾಡಿಯಲ್ಲಿ ಯಾವ ಮಾತಿಗೂ ಅರ್ಥ ಇರಲ್ಲ ಅಂತ. ಆ ಬೋಲ್ಟ್ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಬಿಗಿದ ಮೇಲೆ, ಮೊದಲೇ ಅಲ್ಲ. ತಟ್ಟೆಗೂ ಅಡುಗೆ ಸೋಡಾ ನೀರು ಹಾಕಿ ತೊಳೆಯಿರಿ, ಆಸಿಡ್ ಉಳಿದಿದ್ದರೆ ಹೊಸ ಲಗ್ಗನ್ನೂ ತಿನ್ನುತ್ತದೆ.

ಡಿಕ್ಕಿ ಕೀಲಿನಲ್ಲಿ ಸೋಲ್ಡರ್ ಬೇಡ. ನಿಮ್ಮ ಸ್ಟೇಟರ್ ಒಳಗೆ ಜಾಯಿಂಟ್ ಅಲ್ಲಾಡುವುದಿಲ್ಲ, ವಾರ್ನಿಷ್ ಹಾಕಿ ಕೂರಿಸಿರುತ್ತೀರಿ. ಇಲ್ಲಿ ದಿನಕ್ಕೆ ಹತ್ತು ಸಲ ಬಾಗುತ್ತದೆ. ಸೋಲ್ಡರ್ ಎಳೆಯ ಒಳಗೆ ಹರಿದು ವೈರ್ ಕಡ್ಡಿಯ ಹಾಗೆ ಆಗುತ್ತದೆ, ಕಡ್ಡಿ ಮುಗಿಯುವ ಜಾಗದಲ್ಲಿ ಮತ್ತೆ ಮುರಿಯುತ್ತದೆ. ರಬ್ಬರ್ ಕೊಳವೆಯ ಎರಡೂ ಕಡೆ ಇನ್ನೂ ಒಳಗೆ ಹೋಗಿ ಕತ್ತರಿಸಿ, ನಡುವೆ ಮೆತ್ತನೆಯ ಸಿಲಿಕಾನ್ ವೈರ್ ಹೊಸ ತುಂಡು ಹಾಕಿ. ಜಾಯಿಂಟ್ ಎರಡೂ ಬಾಗದ ಜಾಗದಲ್ಲಿ ಬರಲಿ. ಆಗ ನೀವು ಕ್ರಿಂಪ್ ಮಾಡಿ, ಸೋಲ್ಡರ್ ಮಾಡಿ, ನಿಮ್ಮಿಷ್ಟ. ಮುರಿದದ್ದು ಎರಡೇ ಆದರೂ ಏಳನ್ನೂ ಬದಲಿಸಿ. ಉಳಿದ ಐದಕ್ಕೂ ಅಷ್ಟೇ ವಯಸ್ಸು.

ಈಗ ಬ್ಯಾಟರಿ ಲೀಕೇಜ್. ನೆಗೆಟಿವ್ ಬಿಚ್ಚಿ, ಮೀಟರ್‌ನ 10 ಆಂಪ್ ತೂತಿನಲ್ಲಿ ಕೆಂಪು ಕಡ್ಡಿ ಹಾಕಿ, ಗೂಟಕ್ಕೂ ಕೇಬಲ್‌ಗೂ ನಡುವೆ ಸೀರೀಸ್ ಕೂಡಿಸಿ. ಬಾಗಿಲು ಮುಚ್ಚಿ, ಕೀ ಮನೆ ಒಳಗಿಡಿ. 40 ನಿಮಿಷ ಕಾಯಿರಿ. ಮಾಡ್ಯೂಲ್‌ಗಳು ಮಲಗಲು ಅಷ್ಟು ಹೊತ್ತು ಬೇಕು. ಆಮೇಲೆ 0.05 ಆಂಪ್ ಒಳಗಿದ್ದರೆ ಸರಿ. ಮೀಟರ್ ಸೀರೀಸ್ ಇರುವಾಗ ಅಪ್ಪಿತಪ್ಪಿ ಸೆಲ್ಫ್ ಹೊಡೆಯಬೇಡಿ, ಮೀಟರ್ ಫ್ಯೂಸ್ ಹಾರುತ್ತದೆ. ಲೀಕ್ ಇದ್ದರೆ ಫ್ಯೂಸ್ ಒಂದೊಂದೇ ಕೀಳಬೇಡಿ, ಕಿತ್ತು ಹಾಕಿದರೆ ಮಲಗಿದ್ದ ಮಾಡ್ಯೂಲ್ ಎದ್ದು ಕೂರುತ್ತದೆ. ಫ್ಯೂಸ್ ತಲೆಯ ಮೇಲೆ ಎರಡು ಚುಕ್ಕಿ ಲೋಹ ಕಾಣುತ್ತದಲ್ಲ, ಅದರ ಮೇಲೆ ಮಿಲಿವೋಲ್ಟ್ ಅಳೆಯಿರಿ. ಸೊನ್ನೆ ಅಲ್ಲದ್ದು ಯಾವುದೋ ಅದೇ ದಾರಿ.

ಮೋಟರ್ ವೈಂಡರ್, ದಾವಣಗೆರೆ

ಮೂರು ವಾರ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಮಳೆ ಬಿಟ್ಟು ಬಿಟ್ಟು ಬಂದು ಮೋಟರ್ ಸುಡುವ ಸೀಸನ್.

ಡಿಕ್ಕಿಯ ಏಳೂ ವೈರ್ ಬದಲಿಸಿದೆ. ಬೇಜಾರಿನ ಕೆಲಸ. ರಬ್ಬರ್ ಕೊಳವೆಯೊಳಗೆ ವೈರ್ ತೂರಿಸುವ ಬದಲು ಒಂದು ಸಬ್‌ಮರ್ಸಿಬಲ್ ಸುತ್ತಿಬಿಡಬಹುದು. ಕೊನೆಗೆ ಸೋಪಿನ ನೀರು ಹಚ್ಚಿ ಎಳೆದೆ. ಕ್ಯಾಮೆರಾ ಬಂತು, ವೈಪರ್ ಬಂತು.

ಲೀಕೇಜ್ 40 ನಿಮಿಷದ ಮೇಲೂ 0.31 ಆಂಪ್. ಲೆಕ್ಕ ಹಾಕಿದೆ, ದಿನಕ್ಕೆ ಏಳೂವರೆ ಎಎಚ್, ಮೂರು ದಿನಕ್ಕೆ 22. ಬ್ಯಾಟರಿ 35. ಮಲಗದೆ ಏನು ಮಾಡುತ್ತದೆ. ಮಿಲಿವೋಲ್ಟ್ ತೋರಿಸಿದ್ದು ರೂಮ್ ಲ್ಯಾಂಪ್ ಫ್ಯೂಸ್. ಆ ವೈರ್ ಹಿಡಿದು ಹೋದರೆ ಕನ್ನಡಿ ಹಿಂದೆ ಡ್ಯಾಶ್‌ಕ್ಯಾಮ್. ಏಪ್ರಿಲ್‌ನಲ್ಲಿ ಭಾಮೈದ ಗಿಫ್ಟ್ ಕೊಟ್ಟದ್ದು. ಕೂಡಿಸಿದವರು ಕೀ ಆಫ್ ಆದರೂ ಕರೆಂಟ್ ಇರುವ ಲೈನ್‌ನಿಂದ ತೆಗೆದಿದ್ದರು. ರಾತ್ರಿಯಿಡೀ ಭಟ್ಟಿಯ ಗೋಡೆಯನ್ನು ರೆಕಾರ್ಡ್ ಮಾಡುತ್ತಿತ್ತು. ಕಾರ್ಡ್ ತೆಗೆದು ನೋಡಿದೆ, ನಿಜವಾಗಿಯೂ ಗೋಡೆ, ಗೋಡೆ, ಗೋಡೆ, ನಡುವೆ ಒಂದು ಬೆಕ್ಕು. ಅದನ್ನು ಕೀ ಆನ್ ಆದಾಗ ಮಾತ್ರ ಬರುವ ಲೈನ್‌ಗೆ ಕೂಡಿಸಿದೆ. ಈಗ 0.03.

ಬ್ಯಾಟರಿ ಬಿಚ್ಚಿದ್ದರಿಂದ ಡ್ರೈವರ್ ಕಡೆ ಕಿಟಕಿ ಒಂದೇ ಒತ್ತಿಗೆ ಮೇಲೇರುವುದನ್ನು ಮರೆತಿತ್ತು. ಪೂರ್ತಿ ಏರಿಸಿ ಸ್ವಿಚ್ ಹಾಗೇ ಕೆಲವು ಸೆಕೆಂಡ್ ಹಿಡಿದೆ, ಮತ್ತೆ ಕಲಿತುಕೊಂಡಿತು. ಹೊಸ ಕಾಯಿಲೆ ಅಂತ ಅರ್ಧ ಗಂಟೆ ಬೆವರಿದ್ದೆ.

ಕೋಡ್ ಅಳಿಸಿ ಮೂರು ವಾರ, ಜಗಳೂರು, ಭರಮಸಾಗರ, ಹರಿಹರ ಎಲ್ಲಾ ಸುತ್ತಿದ್ದೇನೆ. ಒಂದು ದೀಪವೂ ಹತ್ತಿಲ್ಲ. ಒಟ್ಟು ಖರ್ಚು ಕೇಬಲ್, ಲಗ್, ಸಿಲಿಕಾನ್ ವೈರ್ ಸೇರಿ 640 ರೂಪಾಯಿ, ಬೆಣ್ಣೆದೋಸೆ ಬೇರೆ. ಇಲಿಗೂ ಇದಕ್ಕೂ ಸಂಬಂಧ ಇರಲಿಲ್ಲ. ಪಾಪ, ಹತ್ತಿ ಹಾಸು ಮಾತ್ರ ಕಡಿದಿತ್ತು. ತಂಬಾಕು ಎಲೆ ಇಟ್ಟಿದ್ದೇನೆ, ಬ್ಲೋವರ್ ಹಾಕಿದರೆ ಗಾಡಿ ತುಂಬಾ ಬೀಡಿ ವಾಸನೆ.

ವೈರ್‌ಮನ್ ಅಣ್ಣ, ಮುಂದಿನ ವಾರ ದುರ್ಗಕ್ಕೆ ಬರುವುದಿದೆ. ಮಂಡಕ್ಕಿ ಒಂದು ಚೀಲ ತರುತ್ತೇನೆ, ಬೇಡ ಅನ್ನಬೇಡಿ. ಹಾಂ, ಮುಂದಿನ ಎಡ ಬಾಗಿಲಿನ ಸ್ಪೀಕರ್ ಆಗಾಗ ಕರಕರ ಅನ್ನುತ್ತದೆ. ಸ್ಪೀಕರ್ ಹೊಸದು ಹಾಕಿಸಲಾ?

ದುರ್ಗದ ವೈರ್‌ಮನ್

ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ನಾನು ತರಿಸುತ್ತೇನೆ, ಬನ್ನಿ. ಸ್ಪೀಕರ್ ತಗೋಬೇಡಿ. ಬಾಗಿಲು ತೆಗೆದು ಮುಚ್ಚುವಾಗ ಕರಕರ ಬರುತ್ತಾ ನೋಡಿ. ಬಂದರೆ ಬಾಗಿಲಿಗೂ ಬಾಡಿಯ ಕಂಬಕ್ಕೂ ನಡುವೆ ಇನ್ನೊಂದು ರಬ್ಬರ್ ಕೊಳವೆ ಇದೆ.

ಮೋಟರ್ ವೈಂಡರ್, ದಾವಣಗೆರೆ

ಬರುತ್ತೆ. ಸೋಪಿನ ನೀರು ಕಲಸ್ತಿದ್ದೀನಿ.